ಆಟಕ್ಕುಂಟು, ಲೆಕ್ಕಕ್ಕಿಲ್ಲ

'ಗಾಲ್ಫ್ ಕೂಡ ಒಂದು ಆಟವೇನ್ರೀ?' ಎಂಬ ಪ್ರಶ್ನೆ ನಮ್ಮವರು ನಾಲ್ಕು ಜನ ಸೇರಿದಲ್ಲಿ ಆಗಾಗ ಏಳುತ್ತದೆ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಪ್ರಶ್ನೆಯೊಳಗೇ ತೀರ್ಪು ಅಡಗಿರುತ್ತದೆ. ಕನ್ನಡ ಸಂಘಗಳ ವಾರ್ಷಿಕ ಕ್ರೀಡಾಕೂಟದ ಪಟ್ಟಿ ನೋಡಿ: ಹಗ್ಗಜಗ್ಗಾಟ, ಲಿಂಬೆ-ಚಮಚ, ಸಂಗೀತ ಕುರ್ಚಿ, ಕೇರಂ, ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಬಾಯಲ್ಲಿ ಚಮಚ ಕಚ್ಚಿಕೊಂಡು, ಅದರ ಮೇಲೆ ಲಿಂಬೆಹಣ್ಣು ಕೂರಿಸಿಕೊಂಡು ಹತ್ತು ಮಾರು ನಡೆಯುವುದು ಕ್ರೀಡೆ ಹೌದೋ ಅಲ್ಲವೋ ಎಂದು ಇಂದಿನವರೆಗೆ ಯಾರೂ ತಕರಾರು ಎತ್ತಿದ್ದಿಲ್ಲ. ಆದರೆ ಗಾಲ್ಫ್ ಎಂದೊಡನೆ ಹಿರಿಯರ ಹುಬ್ಬು ಮೇಲೇರುತ್ತದೆ.

ಗಾಲ್ಫಿನ ಮೇಲಿರುವ ಆರೋಪಗಳನ್ನು ಮೊದಲು ಒಂದೊಂದಾಗಿ ಕೇಳಿಬಿಡೋಣ. ಒಂದು, ಓಡುವುದಿಲ್ಲ, ಬೆವರುವುದಿಲ್ಲ. ಎರಡು, ಚೆಂಡು ನಿಂತಲ್ಲೇ ನಿಂತಿರುತ್ತದೆ, ನಿಂತ ಚೆಂಡಿಗೆ ಹೊಡೆಯುವುದರಲ್ಲಿ ಏನು ಶೌರ್ಯ? ಮೂರು, ಚೀಲ ಹೊರುವವನು ಬೇರೆ, ಹೊಡೆಯುವವನು ಬೇರೆ. ಕಾಲು ನೋಯುವವರಿಗೆ ಬ್ಯಾಟರಿ ಗಾಡಿಯೂ ಉಂಟು. ನಾಲ್ಕು, ಐವತ್ತು ದಾಟಿದವರೂ ಗೆಲ್ಲುತ್ತಾರೆ. ಐದು, ಅದು ಸಾಹೇಬರ, ದೊಡ್ಡ ಅಧಿಕಾರಿಗಳ, ಉದ್ಯಮಪತಿಗಳ ಕಾಲಕ್ಷೇಪ. ಆಟದ ಹೆಸರಿನಲ್ಲಿ ಅಡ್ಡಾಟ, ಅಡ್ಡಾಟದ ಹೆಸರಿನಲ್ಲಿ ವ್ಯವಹಾರ.

ಮೊದಲ ನಾಲ್ಕಕ್ಕೆ ಉತ್ತರ ಹೇಳುವುದು ಅಂಥ ಕಷ್ಟವಲ್ಲ. ಐದನೆಯದನ್ನು ಮಾತ್ರ ಸುಲಭದಲ್ಲಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಆಡದವರ ಅನುಕೂಲಕ್ಕಾಗಿ ಆಟದ ಪರಿಚಯ ಎರಡು ಮಾತಿನಲ್ಲಿ. ಹದಿನೆಂಟು ಗುಳಿಗಳು. ಪ್ರತಿ ಗುಳಿಗೂ ಒಂದು ಹೊರಡುವ ಜಾಗ, ನಡುವೆ ಹುಲ್ಲುಹಾಸು, ಮರ, ಮರಳುಗುಂಡಿ, ಕೆರೆ, ಕೊನೆಗೆ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೊಂದು ಬಾವುಟ. ಚೆಂಡಿನ ತೂಕ 46 ಗ್ರಾಮಿನೊಳಗೆ. ಗುಳಿಯ ಅಗಲ 108 ಮಿಲಿಮೀಟರು, ಅಂದರೆ ನಮ್ಮ ಅಂಗೈಗಿಂತ ತುಸು ಹೆಚ್ಚು. ನಾನೂರು ಮೀಟರು ಆಚೆಗಿರುವ ಆ ಗುಳಿಯೊಳಗೆ ಚೆಂಡನ್ನು ನಾಲ್ಕು ಹೊಡೆತದಲ್ಲಿ ಬೀಳಿಸಬೇಕು ಎಂದರೆ, ಆ ನಾಲ್ಕಕ್ಕೆ 'ಪಾರ್' ಎಂದು ಹೆಸರು. ಗುಳಿಯ ದೂರಕ್ಕೆ ತಕ್ಕಂತೆ ಅದು ಮೂರು, ನಾಲ್ಕು ಅಥವಾ ಐದು. ಚೀಲದಲ್ಲಿ ಹದಿನಾಲ್ಕು ಕೋಲುಗಳವರೆಗೆ ಇಟ್ಟುಕೊಳ್ಳಬಹುದು, ಹದಿನೈದನೆಯದು ಇದ್ದರೆ ದಂಡ. ಕೊನೆಯಲ್ಲಿ ಹೊಡೆತಗಳ ಲೆಕ್ಕ. ಯಾರದು ಕಡಿಮೆಯೋ ಅವರು ಗೆದ್ದರು. ನಮ್ಮೂರ ಗೋಲಿಯಾಟದ ಗುಳಿಯನ್ನೂ ಚಿನ್ನಿದಾಂಡಿನ ದಾಂಡನ್ನೂ ಒಂದಾಗಿಸಿ, ಅದಕ್ಕೆ ನೂರು ಎಕರೆ ಜಮೀನು ಬರೆದುಕೊಟ್ಟರೆ ಗಾಲ್ಫ್ ಆಗುತ್ತದೆ ಎನ್ನಬಹುದು.

ಇನ್ನು ನಿಂತ ಚೆಂಡಿನ ವಿಚಾರ. ಕ್ರಿಕೆಟ್ಟಿನಲ್ಲಿ ವೇಗದ ಚೆಂಡು ಬರುವಾಗ ಬ್ಯಾಟುಗಾರನಿಗೆ ಯೋಚಿಸಲು ಪುರುಸೊತ್ತಿಲ್ಲ, ಅದೇ ಅವನ ಪುಣ್ಯ. ಗಾಲ್ಫ್ ಆಟಗಾರನಿಗೆ ಯೋಚಿಸಲು ಬೇಕಾದಷ್ಟು ಸಮಯವಿದೆ. ಅದೇ ಅವನ ಶತ್ರು. ಗಾಳಿ ಯಾವ ಕಡೆಗೆ, ಹುಲ್ಲು ಯಾವ ಕಡೆಗೆ ಒರಗಿದೆ, ಹಿಂದಿನ ಗುಳಿಯಲ್ಲಿ ಮಾಡಿದ ತಪ್ಪು, ಮುಂದಿನ ಗುಳಿಯ ಕೆರೆ, ನೋಡುತ್ತಿರುವವರ ಕಣ್ಣು, ಎಲ್ಲವೂ ಆ ಪುರುಸೊತ್ತಿನಲ್ಲಿ ತಲೆಯೊಳಗೆ ನುಗ್ಗುತ್ತವೆ. ಅದೂ ಮೆಲ್ಲಗೆ ತಟ್ಟುವ ಆಟವಲ್ಲ. ಪಳಗಿದ ವೃತ್ತಿಪರ ಆಟಗಾರನ ಕೋಲಿನ ತುದಿ ಗಂಟೆಗೆ 180 ಕಿಲೋಮೀಟರಿನಷ್ಟು ವೇಗದಲ್ಲಿ ಬೀಸುತ್ತದೆ, ಚೆಂಡು 250 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರುತ್ತದೆ. ಆ ಒಂದು ಕ್ಷಣದಲ್ಲಿ ಸೊಂಟ, ಬೆನ್ನು, ಹೆಗಲು, ಮಣಿಕಟ್ಟು ಎಲ್ಲವೂ ಒಂದೇ ತಾಳಕ್ಕೆ ತಿರುಗಬೇಕು. ಅನುಮಾನವಿದ್ದವರು ಮನೆಯಲ್ಲಿ ಕೊಡೆ ಹಿಡಿದು ಬೀಸಿ ನೋಡಬಹುದು. ಅಕ್ಕಪಕ್ಕ ಟಿ.ವಿ. ಇಲ್ಲದ ಜಾಗ ನೋಡಿಕೊಳ್ಳುವುದು ಒಳ್ಳೆಯದು.

ನಿಂತಲ್ಲೇ ನಿಲ್ಲುವುದು ಆಟವಲ್ಲ ಎನ್ನುವುದಾದರೆ 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಏನು ಮಾಡಿದರು? ನಿಂತರು, ಉಸಿರು ಹಿಡಿದರು, ಗುಂಡು ಹಾರಿಸಿದರು. ಭಾರತಕ್ಕೆ ಒಬ್ಬರೇ ಆಡಿ ಗೆದ್ದ ಮೊದಲ ಒಲಿಂಪಿಕ್ಸ್ ಚಿನ್ನ ಬಂತು. ಆಗ ನಾವು ಪೇಡೆ ಹಂಚಿದೆವೇ ಹೊರತು ಬೆವರಿದರೋ ಇಲ್ಲವೋ ಎಂದು ವಿಚಾರಿಸಲಿಲ್ಲ. ಐವತ್ತು ದಾಟಿದವರ ಮಾತೂ ಹಾಗೆಯೇ. 2009ರ ಬ್ರಿಟಿಷ್ ಓಪನ್ನಿನಲ್ಲಿ 59 ವರ್ಷದ ಟಾಮ್ ವಾಟ್ಸನ್ ಗೆಲುವಿನ ಹೊಸ್ತಿಲವರೆಗೆ ಬಂದು ಪ್ಲೇಆಫಿನಲ್ಲಿ ಸೋತರು. 2021ರಲ್ಲಿ ಫಿಲ್ ಮಿಕೆಲ್ಸನ್ 50ನೇ ವಯಸ್ಸಿನಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದರು. ಇದು ಆಟದ ದೋಷವೋ, ಗುಣವೋ? ನಿವೃತ್ತಿಯ ಕಾಗದ ಕೈಗೆ ಬಂದ ದಿನವೇ 'ಇನ್ನೇನು, ಆಯಿತು' ಎಂದು ಕುರ್ಚಿ ಹಿಡಿಯುವ ನಮ್ಮಂಥವರಿಗೆ ಇದು ಗುಣವಾಗಿಯೇ ಕಾಣಬೇಕು.

ಕಾಲ್ನಡಿಗೆ ಮತ್ತು ಗಾಡಿಯ ವಿಚಾರವಂತೂ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಿದೆ. ಕೇಸಿ ಮಾರ್ಟಿನ್ ಎಂಬ ವೃತ್ತಿಪರ ಆಟಗಾರನಿಗೆ ಬಲಗಾಲಿನಲ್ಲಿ ಹುಟ್ಟಿನಿಂದಲೇ ರಕ್ತಸಂಚಾರದ ತೊಂದರೆ. ನಡೆದರೆ ಅಸಾಧ್ಯ ನೋವು, ಮೂಳೆ ಮುರಿಯುವ ಭಯ. ಗಾಡಿ ಬಳಸಲು ಅನುಮತಿ ಕೇಳಿದ. ಪಿಜಿಎ ಟೂರ್ ಒಪ್ಪಲಿಲ್ಲ. ದೊಡ್ಡ ಪಂದ್ಯಗಳಲ್ಲಿ ಎಲ್ಲರೂ ನಡೆಯಲೇಬೇಕು, ಆ ದಣಿವೂ ಆಟದ ಅಂಗ ಎಂಬುದು ಅವರ ವಾದ. ಆರ್ನಾಲ್ಡ್ ಪಾಮರ್, ಜಾಕ್ ನಿಕ್ಲಾಸ್ ಅವರಂಥ ದಿಗ್ಗಜರೂ ಟೂರ್‌ನ ಪರವಾಗಿಯೇ ಸಾಕ್ಷಿ ನುಡಿದರು. ನ್ಯಾಯಾಲಯದ ಮುಂದೆ ಬಂದ ತಜ್ಞರ ಲೆಕ್ಕದ ಪ್ರಕಾರ 18 ಗುಳಿಗಳ ನಡಿಗೆಗೆ ಖರ್ಚಾಗುವ ಶಕ್ತಿ ಸುಮಾರು 500 ಕ್ಯಾಲೊರಿ. ಒಂದು ದೊಡ್ಡ ಬರ್ಗರಿನಿಂದ ಬರುವುದಕ್ಕಿಂತಲೂ ಕಡಿಮೆ, ಅದೂ ಐದು ಗಂಟೆಗಳಲ್ಲಿ ಹರಡಿಕೊಂಡು! 2001ರಲ್ಲಿ ಏಳು ನ್ಯಾಯಮೂರ್ತಿಗಳು ಮಾರ್ಟಿನ್ ಪರ, ಇಬ್ಬರು ವಿರುದ್ಧ. ಗಾಲ್ಫಿನ ಸಾರ ಇರುವುದು ಚೆಂಡು ಹೊಡೆಯುವುದರಲ್ಲಿ, ನಡಿಗೆಯಲ್ಲಿ ಅಲ್ಲ ಎಂದು ಬಹುಮತದ ತೀರ್ಪು ಬಂತು.

ಈ ತೀರ್ಪನ್ನು ಗಾಲ್ಫಿನ ವಿರೋಧಿಗಳು ತಮ್ಮ ಪರವೆಂದು ಹಿಡಿಯುತ್ತಾರೆ: 'ನೋಡಿ, ಕೋರ್ಟೇ ಹೇಳಿದೆ, ಇದರಲ್ಲಿ ಮೈದಣಿವು ಇಲ್ಲ.' ನನಗೆ ಹಾಗೆ ತೋರುವುದಿಲ್ಲ. 18 ಗುಳಿ ಮುಗಿಸುವಷ್ಟರಲ್ಲಿ ಏಳೆಂಟು ಕಿಲೋಮೀಟರು ನಡಿಗೆ ಆಗುತ್ತದೆ. ಚರ್ಚ್‌ಗೇಟಿನಿಂದ ಹಳಿಯ ಪಕ್ಕದಲ್ಲೇ ಲೋವರ್ ಪರೇಲಿನವರೆಗೆ ನಡೆದಷ್ಟು. ಅದೇನೂ ಸಣ್ಣ ಮಾತಲ್ಲ. ಆದರೂ ನಡಿಗೆಯೇ ಕ್ರೀಡೆಯ ಅಳತೆಗೋಲಾದರೆ ಅಂಚೆಯಣ್ಣನಿಗೆ ಪ್ರತಿ ವರ್ಷ ಪದಕ ಕೊಡಬೇಕಾಗುತ್ತದೆ. ಬೆವರು ಅಳತೆಯಾದರೆ ಸಂಜೆ ಆರರ ವಿರಾರ್ ಲೋಕಲ್ ಹತ್ತುವವರೆಲ್ಲ ಅರ್ಜುನ ಪ್ರಶಸ್ತಿಗೆ ಅರ್ಹರು. ಕ್ರೀಡೆಯನ್ನು ಕ್ರೀಡೆಯಾಗಿಸುವುದು ದಣಿವಲ್ಲ. ಎಲ್ಲರೂ ಒಪ್ಪಿದ ನಿಯಮದೊಳಗೆ, ದೇಹ ಮನಸ್ಸು ಎರಡನ್ನೂ ಪಣಕ್ಕಿಟ್ಟು, ಸೋಲುವ ಸಾಧ್ಯತೆಯನ್ನು ಎದುರಿಸಿ ನಿಲ್ಲುವುದು.

ಅದನ್ನು ಕಣ್ಣಾರೆ ಕಾಣುವ ಅವಕಾಶ 2021ರ ಆಗಸ್ಟ್ 7ರಂದು ನಮಗೆಲ್ಲ ಸಿಕ್ಕಿತು. ಟೋಕಿಯೊ ಒಲಿಂಪಿಕ್ಸಿನ ಮಹಿಳಾ ಗಾಲ್ಫಿನ ಕೊನೆಯ ದಿನ. ಅದುವರೆಗೆ ಬರ್ಡಿ ಎಂದರೇನು, ಬೋಗಿ ಎಂದರೇನು ಎಂದು ಗೊತ್ತಿಲ್ಲದ ಮನೆಗಳಲ್ಲೂ ನಸುಕಿಗೇ ಟಿ.ವಿ. ಹಚ್ಚಿ ಕೂತಿದ್ದರು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಅಂಚಿನಲ್ಲಿದ್ದಳು. ಲೋಕದ ಶ್ರೇಯಾಂಕದಲ್ಲಿ ಆಗ ಅವಳ ಸ್ಥಾನ 200. ದೂರ ಹೊಡೆಯುವುದರಲ್ಲಿ ಅಲ್ಲಿದ್ದವರಲ್ಲೇ ಹಿಂದಿನ ಸಾಲಿನವಳು. ಆ ಕೊರತೆಯನ್ನು ಗುಳಿಯ ಹತ್ತಿರದ ಮೆಲುಹೊಡೆತದಲ್ಲಿ, ಅದನ್ನು 'ಪಟ್' ಎನ್ನುತ್ತಾರೆ, ತುಂಬಿಕೊಂಡು ನಾಲ್ಕು ದಿನ ಅಗ್ರ ಆಟಗಾರ್ತಿಯರ ಜೊತೆ ಹೆಗಲೆಣೆಯಾಗಿ ಬಂದಿದ್ದಳು. ಚೀಲ ಹೊತ್ತು ಪಕ್ಕದಲ್ಲಿ ನಡೆದವರು ಅವಳ ತಾಯಿ. ಅದಕ್ಕೂ ಐದು ವರ್ಷ ಹಿಂದೆ ರಿಯೊ ಒಲಿಂಪಿಕ್ಸಿನಲ್ಲಿ ಚೀಲ ಹೊತ್ತವರು ತಂದೆ. ನಡುವೆ ಬಿರುಗಾಳಿ ಮಳೆ ಬಂದು ಆಟ ನಿಂತಿತು, ಮತ್ತೆ ಶುರುವಾಯಿತು. ಕೊನೆಯ ಗುಳಿಯಲ್ಲಿ ಅವಳ ಉದ್ದನೆಯ ಪಟ್ ಒಳಗೆ ಬಿದ್ದಿದ್ದರೆ ಪದಕಕ್ಕಾಗಿ ಪ್ಲೇಆಫ್ ಆಡಬಹುದಿತ್ತು. ಚೆಂಡು ಪಕ್ಕಕ್ಕೆ ಸರಿದುಹೋಯಿತು. 72 ಗುಳಿಗಳ ನಂತರ ಒಂದೇ ಒಂದು ಹೊಡೆತದ ಅಂತರ. ನೆಲ್ಲಿ ಕೋರ್ಡಾಗೆ ಚಿನ್ನ, ಮೋನೆ ಇನಾಮಿಗೆ ಬೆಳ್ಳಿ, ಲಿಡಿಯಾ ಕೋಗೆ ಕಂಚು, ಅದಿತಿಗೆ ನಾಲ್ಕನೆಯ ಸ್ಥಾನ.

ಅದೇ ದಿನ ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆದು ಚಿನ್ನ ಗೆದ್ದರು. ದೇಶ ಸಂಭ್ರಮದಲ್ಲಿ ಮುಳುಗಿತು. ಬೆಳಗಿನ ನಾಲ್ಕನೆಯ ಸ್ಥಾನ ಸಂಜೆಯ ಹೊತ್ತಿಗೆ ಹಳೆಯ ಸುದ್ದಿ. ಆದರೆ ನಾಲ್ಕನೆಯ ಸ್ಥಾನದ ನೋವು ಈ ದೇಶಕ್ಕೆ ಹೊಸದಲ್ಲ. 1960ರಲ್ಲಿ ರೋಮ್‌ನಲ್ಲಿ ಮಿಲ್ಖಾ ಸಿಂಗ್ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ನೂರನೇ ಒಂದು ಭಾಗದಲ್ಲಿ. ಆ ಸಾಲಿನಲ್ಲಿ ಮೂರನೆಯವಳಾಗಿ ಅದಿತಿಯನ್ನು ನಿಲ್ಲಿಸಲು ನನಗಂತೂ ಸಂಕೋಚವಿಲ್ಲ. ಓಟವೇ ನಿಜವಾದ ಕ್ರೀಡೆ ಎನ್ನುವವರು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಅದೇ ಮಿಲ್ಖಾ ಸಿಂಗರ ಮಗ ಜೀವ್ ಮಿಲ್ಖಾ ಸಿಂಗ್ ಆರಿಸಿಕೊಂಡದ್ದು ಗಾಲ್ಫನ್ನು. 1998ರಲ್ಲಿ ಯೂರೋಪಿಯನ್ ಟೂರ್ ಸೇರಿದ ಮೊದಲ ಭಾರತೀಯ, 2007ರಲ್ಲಿ ಅಮೆರಿಕದ ಮಾಸ್ಟರ್ಸ್ ಪಂದ್ಯದಲ್ಲಿ ಆಡಿದ ಮೊದಲ ಭಾರತೀಯ. 'ಹಾರುವ ಸಿಖ್' ಅವರ ಮನೆಯಲ್ಲೇ ಒಪ್ಪಿಗೆಯಾದ ಆಟವನ್ನು ನಾವು ಬೇಡವೆನ್ನಲು ಯಾರು?

ಇನ್ನು ಈ ಆಟದ ಸೆಳೆತ. ಹೊಡೆತ ಸರಿಯಾಗಿ ಬಿದ್ದಾಗಿನ ಆ 'ಟಕ್' ಎಂಬ ಸದ್ದು, ಬೆಳಗಿನ ಮಂಜು, ಹಸಿರು ಎಲ್ಲ ಇದ್ದದ್ದೇ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವು ಬೇರೆ ಎರಡು ಗುಣಗಳು.

ಒಂದು, ಇಲ್ಲಿ ಆಟಗಾರ ತನಗೆ ತಾನೇ ಅಂಪೈರ್. ನಿಯಮ ಬಿಡಿಸಿ ಹೇಳಲು ಅಧಿಕಾರಿಗಳು ಇರಬಹುದು, ಆದರೆ ಮರದ ಮರೆಯಲ್ಲಿ, ಉದ್ದ ಹುಲ್ಲಿನ ನಡುವೆ, ಬೇರೆ ಯಾರೂ ನೋಡದ ಜಾಗದಲ್ಲಿ ಚೆಂಡು ಒಂದು ಎಳೆ ಅಲುಗಿದರೆ ಅದನ್ನು ಹೇಳಬೇಕಾದವನು ಅವನೇ. 1925ರ ಅಮೆರಿಕನ್ ಓಪನ್ನಿನಲ್ಲಿ ಬಾಬಿ ಜೋನ್ಸ್ ಕೋಲು ಊರುವಾಗ ಚೆಂಡು ಅಲುಗಿತು. ಅಕ್ಕಪಕ್ಕದವರಿಗೆ ಕಾಣಿಸಲಿಲ್ಲ. ಆತ ತನ್ನ ಮೇಲೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡ. ಕೊನೆಗೆ ಸಮಬಲವಾಗಿ, ಪ್ಲೇಆಫಿನಲ್ಲಿ ಸೋತ. ಆ ಒಂದು ದಂಡ ಇಲ್ಲದಿದ್ದರೆ ಪ್ಲೇಆಫೇ ಬೇಕಿರಲಿಲ್ಲ. 1968ರ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 17ನೇ ಗುಳಿಯನ್ನು ಮೂರು ಹೊಡೆತದಲ್ಲಿ ಮುಗಿಸಿದ್ದರು. ಲೆಕ್ಕ ಬರೆದ ಜೊತೆಗಾರ ನಾಲ್ಕು ಎಂದು ಬರೆದ. ಗಮನಿಸದೆ ಸಹಿ ಹಾಕಿದರು. ಲಕ್ಷಾಂತರ ಜನ ಟಿ.ವಿ.ಯಲ್ಲಿ ಮೂರನ್ನೇ ನೋಡಿದ್ದರೂ ಕಾಗದದ ಮೇಲಿನ ನಾಲ್ಕೇ ನಿಂತಿತು. ಅಷ್ಟಕ್ಕೇ ಪ್ಲೇಆಫ್ ಕೈತಪ್ಪಿತು. ಬ್ಯಾಂಕಿನಲ್ಲಿ ಲೆಡ್ಜರು ಹಿಡಿದು ಜೀವ ಸವೆಸಿದ ನಮ್ಮವರಿಗೆ ಸಹಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಲ್ಫ್ ಮೂಲತಃ ಲೆಕ್ಕದ ಆಟ, ಆ ಲೆಕ್ಕ ನಿಂತಿರುವುದು ಆಡುವವನ ಪ್ರಾಮಾಣಿಕತೆಯ ಮೇಲೆ.

ಎರಡನೆಯದು 'ಹ್ಯಾಂಡಿಕ್ಯಾಪ್' ಎಂಬ ಏರ್ಪಾಡು. ಊರಿನಲ್ಲಿ ಲಗೋರಿ ಆಡುವಾಗ ಅಕ್ಕನ ಲಂಗ ಹಿಡಿದು ಬಂದ ಪುಟ್ಟ ತಮ್ಮನನ್ನು ಹೊರಗೆ ಹಾಕಿದರೆ ಅಳು, ಸೇರಿಸಿಕೊಂಡರೆ ತಂಡಕ್ಕೆ ನಷ್ಟ. ಅದಕ್ಕೆ ನಮ್ಮ ಮಕ್ಕಳು ಕಂಡುಕೊಂಡ ಉಪಾಯ 'ಆಟಕ್ಕುಂಟು, ಲೆಕ್ಕಕ್ಕಿಲ್ಲ'. ಪುಟ್ಟ ಓಡುತ್ತಾನೆ, ಕುಣಿಯುತ್ತಾನೆ, ಔಟಾದರೂ ಆಗದಿದ್ದರೂ ಯಾರಿಗೂ ನಷ್ಟವಿಲ್ಲ. ಗಾಲ್ಫಿನಲ್ಲಿ ಹಾಗಲ್ಲ. ಹೊಸಬನ ಹಿಂದಿನ ಆಟಗಳ ಲೆಕ್ಕ ನೋಡಿ, ಇವನಿಗೆ ಇಷ್ಟು ಹೊಡೆತ ಹೆಚ್ಚು ಎಂದು ರಿಯಾಯಿತಿ ಗೊತ್ತುಮಾಡುತ್ತಾರೆ. ಆಮೇಲೆ ಅಜ್ಜನೂ ಮೊಮ್ಮಗಳೂ, ಪಳಗಿದವನೂ ಹೊಸಬನೂ ಒಂದೇ ಪಂದ್ಯದಲ್ಲಿ ನಿಜವಾಗಿಯೇ ಸ್ಪರ್ಧಿಸಬಹುದು. ಇಲ್ಲಿ ದುರ್ಬಲನೂ ಆಟಕ್ಕುಂಟು, ಲೆಕ್ಕಕ್ಕೂ ಉಂಟು. ಬೇರೆ ಆಟಗಳಲ್ಲಿ ಇಷ್ಟು ಅಚ್ಚುಕಟ್ಟಾದ ಏರ್ಪಾಡು ಅಪರೂಪ.

ಇಷ್ಟು ಹೊಗಳಿದ ಮೇಲೆ ಐದನೆಯ ಆರೋಪಕ್ಕೆ ಬರಲೇಬೇಕು. ಆಟದ ನಿಯಮಪುಸ್ತಕ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆಟದ ಮೈದಾನಕ್ಕೆ ಕಟ್ಟಿದ ಗೋಡೆ ಹಾಗೆ ಮಾಡಿಲ್ಲ.

ಹುಟ್ಟಿನಿಂದ ಇದು ಶ್ರೀಮಂತರ ಆಟವೇ? ಸ್ಕಾಟ್‌ಲೆಂಡಿನ ಪಾರ್ಲಿಮೆಂಟು 1457ರಲ್ಲೇ ಗಾಲ್ಫನ್ನೂ ಫುಟ್‌ಬಾಲನ್ನೂ ನಿಷೇಧಿಸಿತ್ತು. ಜನ ಇವುಗಳಲ್ಲಿ ಮುಳುಗಿ ಬಿಲ್ಲುವಿದ್ಯೆಯ ಅಭ್ಯಾಸ ಬಿಡುತ್ತಿದ್ದಾರೆ ಎಂಬುದು ಕಾರಣ. ಕೆಲವೇ ಧನಿಕರ ಹವ್ಯಾಸವಾಗಿದ್ದರೆ ರಾಜನಿಗೆ ಸೈನ್ಯದ ಚಿಂತೆ ಹತ್ತುತ್ತಿತ್ತೇ? ಗಾಲ್ಫಿನ ಕಾಶಿ ಎನ್ನಿಸಿಕೊಂಡ ಸೇಂಟ್ ಆಂಡ್ರ್ಯೂಸ್‌ನ ಹಳೆಯ ಮೈದಾನ ಇಂದಿಗೂ ಸಾರ್ವಜನಿಕರ ಸ್ವತ್ತು. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ, ಊರ ಜನ ನಾಯಿ, ಮಕ್ಕಳನ್ನು ಕರೆದುಕೊಂಡು ತಿರುಗಾಡುತ್ತಾರೆ. ಆದರೆ ಹಡಗು ಹತ್ತಿ ನಮ್ಮಲ್ಲಿಗೆ ಬಂದ ಗಾಲ್ಫ್ ದೊರೆಗಳ ಜೊತೆಗೆ ಬಂತು. 1829ರಲ್ಲಿ ಕಲ್ಕತ್ತೆಯಲ್ಲಿ ಕ್ಲಬ್ಬು ಶುರುವಾಯಿತು, ಬ್ರಿಟಿಷ್ ದ್ವೀಪಗಳ ಹೊರಗೆ ಅದೇ ಮೊದಲನೆಯದು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ನಮ್ಮ ಮುಂಬಯಿಯಲ್ಲಿ 1918ರಲ್ಲಿ ವಿಲಿಂಗ್ಡನ್ ಕ್ಲಬ್ ಶುರುವಾದಾಗ ಭಾರತೀಯರಿಗೂ ಸದಸ್ಯತ್ವ ಉಂಟು ಎಂಬುದೇ ಒಂದು ದೊಡ್ಡ ಸುದ್ದಿಯಾಗಿತ್ತು ಎಂದರೆ, ಉಳಿದ ಬಾಗಿಲುಗಳ ಸ್ಥಿತಿ ಊಹಿಸಿಕೊಳ್ಳಿ.

ಗೋಡೆ ಬರೀ ಬಣ್ಣದ್ದೂ ಅಲ್ಲ. ಹೆಂಗಸರಿಗೂ ಅದೇ ಗೋಡೆ. ಸೇಂಟ್ ಆಂಡ್ರ್ಯೂಸ್ ಮೈದಾನದ ಪಕ್ಕದಲ್ಲೇ ಇರುವ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬು ಮಹಿಳೆಯರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ. ಅದಿತಿ ಆಡಿದ ಟೋಕಿಯೊ ಬಳಿಯ ಕಾಸುಮಿಗಾಸೆಕಿ ಕ್ಲಬ್ಬಿನಲ್ಲಿ 2017ರವರೆಗೆ ಹೆಂಗಸರಿಗೆ ಪೂರ್ಣ ಸದಸ್ಯತ್ವ ಇರಲಿಲ್ಲ. ಒಲಿಂಪಿಕ್ ಸಮಿತಿ ಕಣ್ಣು ಕೆಂಪಗೆ ಮಾಡಿದ ಮೇಲೆ ಬಾಗಿಲು ತೆರೆಯಿತು. ಇನ್ನೂ ಹಿಂದಿನ ಕಥೆ ಮಾರ್ಗರೆಟ್ ಆಬಟ್ ಅವರದು. ಕಲ್ಕತ್ತೆಯಲ್ಲಿ ಹುಟ್ಟಿದ ಅಮೆರಿಕನ್ ಮಹಿಳೆ. 1900ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಒಂದು ಗಾಲ್ಫ್ ಪಂದ್ಯ ನಡೆಯುತ್ತಿದೆ ಎಂದು ತಿಳಿದು ತಾಯಿಯ ಜೊತೆ ಹೋಗಿ ಆಡಿದರು, ಗೆದ್ದರು, ಪಿಂಗಾಣಿ ಬಟ್ಟಲೊಂದನ್ನು ಬಹುಮಾನವಾಗಿ ಪಡೆದರು. ಅದು ಒಲಿಂಪಿಕ್ಸ್ ಪಂದ್ಯ ಎಂದು ಅವರಿಗೆ ಯಾರೂ ಹೇಳಲಿಲ್ಲ. ಒಲಿಂಪಿಕ್ಸ್ ಗೆದ್ದ ಮೊದಲ ಅಮೆರಿಕನ್ ಮಹಿಳೆ ತಾನು ಎಂಬುದು ತಿಳಿಯದೆಯೇ 1955ರಲ್ಲಿ ತೀರಿಕೊಂಡರು. 1904ರ ನಂತರ ಗಾಲ್ಫ್ ಒಲಿಂಪಿಕ್ಸಿನಿಂದಲೇ ಹೊರಬಿತ್ತು. ಮರಳಿ ಬಂದದ್ದು 112 ವರ್ಷಗಳ ಮೇಲೆ, 2016ರಲ್ಲಿ.

ನಮ್ಮವರದೇ ಆದ ಇನ್ನೊಂದು ಕಥೆ ದಕ್ಷಿಣ ಆಫ್ರಿಕದ್ದು. ಭಾರತದಿಂದ ಅಲ್ಲಿಗೆ ಹೋಗಿ ನೆಲೆಸಿದವರ ಸಂತತಿಯ 'ಪಾಪ್ವಾ' ಸ್ಯೂಗೋಲಮ್ ಡರ್ಬನ್ನಿನಲ್ಲಿ ಕ್ಯಾಡಿಯಾಗಿದ್ದ, ಎಂದರೆ ಆಟಗಾರರ ಚೀಲ ಹೊರುವ ಆಳು. ಹೇಳಿಕೊಡುವವರಿಲ್ಲದೆ ತಾನೇ ಕಲಿತ ಆಟ. ಎಲ್ಲರೂ ಕೋಲು ಹಿಡಿಯುವ ಕ್ರಮಕ್ಕೆ ತದ್ವಿರುದ್ಧವಾಗಿ ಕೈ ಅದಲುಬದಲು ಮಾಡಿ ಹಿಡಿಯುತ್ತಿದ್ದ. ಆದರೂ 1959ರಲ್ಲಿ ಮತ್ತು 1960ರಲ್ಲಿ ಡಚ್ ಓಪನ್ ಗೆದ್ದ. 1963ರಲ್ಲಿ ತನ್ನದೇ ಊರಿನಲ್ಲಿ ಬಿಳಿಯರನ್ನೆಲ್ಲ ಸೋಲಿಸಿ ನಟಾಲ್ ಓಪನ್ ಗೆದ್ದಾಗ ಮಳೆ ಸುರಿಯುತ್ತಿತ್ತು. ಸೋತವರು ಕ್ಲಬ್ಬಿನ ಮಾಡಿನೊಳಗೆ. ಗೆದ್ದವನು ಮಳೆಯಲ್ಲಿ. ಕಪ್ಪು ಕಂದು ಚರ್ಮದವರಿಗೆ ಒಳಗೆ ಪ್ರವೇಶವಿಲ್ಲವೆಂದು ಅವನಿಗೆ ಹೊರಗೇ ಬಹುಮಾನ ಕೊಟ್ಟರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. 1965ರಲ್ಲಿ ಗ್ಯಾರಿ ಪ್ಲೇಯರನಂಥವನನ್ನೂ ಹಿಂದೆ ಹಾಕಿದ. ಅನಂತರ ಅಲ್ಲಿನ ಸರ್ಕಾರ ದೊಡ್ಡ ಪಂದ್ಯಗಳ ಬಾಗಿಲನ್ನೇ ಅವನಿಗೆ ಮುಚ್ಚಿಬಿಟ್ಟಿತು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ನಮ್ಮ ಮಕ್ಕಳ ಮುಗ್ಧ ಮಾತಿಗೆ ಇಷ್ಟು ಕಹಿಯಾದ ಅರ್ಥವೂ ಇರಬಹುದು.

ದೂರದ ಮಾತೇಕೆ? ನಮ್ಮ ದೇಶದ ಗಾಲ್ಫಿನ ಚರಿತ್ರೆಯನ್ನು ಸ್ವಲ್ಪ ಕೆದಕಿದರೂ ಗೋಡೆಯ ಪಕ್ಕದಲ್ಲಿ ನಿಂತವರೇ ಸಿಗುತ್ತಾರೆ. ಇಂಡಿಯನ್ ಓಪನ್ 1964ರಲ್ಲಿ ಶುರುವಾದ ಮೇಲೆ ಅದನ್ನು ಗೆದ್ದ ಮೊದಲ ಭಾರತೀಯ ಪಿ.ಜಿ. ಸೇಠಿ, 1965ರಲ್ಲಿ. ಅವರು ಹವ್ಯಾಸಿ. ವೃತ್ತಿಪರ ಭಾರತೀಯನೊಬ್ಬ ಗೆಲ್ಲಲು 1991 ಬರಬೇಕಾಯಿತು. ಗೆದ್ದವರು ಅಲಿ ಶೇರ್, ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದವರು. 1993ರಲ್ಲಿ ಮತ್ತೆ ಗೆದ್ದು, ಮೊದಲನೆಯದು ಅದೃಷ್ಟವಲ್ಲವೆಂದು ತೋರಿಸಿದರು. 2016 ಮತ್ತು 2017ರಲ್ಲಿ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ಕಲ್ಕತ್ತೆಯ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದವರು. 2009ರಲ್ಲಿ ಕೊರಿಯದ ಆಟಗಾರನನ್ನು ಪ್ಲೇಆಫಿನಲ್ಲಿ ಸೋಲಿಸಿ ಗೆದ್ದವರು ಬೆಂಗಳೂರಿನ ಸಿ. ಮುನಿಯಪ್ಪ, ಅವರೂ ಕ್ಯಾಡಿಯಾಗಿದ್ದವರೇ. ಕ್ರಿಕೆಟ್ಟಿನಲ್ಲಿ ಇದಕ್ಕಿಂತ ಎಷ್ಟೋ ಸಣ್ಣ ಗೆಲುವಿಗೆ ನಾವು ಹಾರ ತುರಾಯಿ ಹಿಡಿದು ನಿಲ್ಲುತ್ತೇವೆ. ಮುನಿಯಪ್ಪನವರ ಹೆಸರು ಕೇಳಿದ ಕನ್ನಡಿಗರು ಎಷ್ಟು ಮಂದಿ?

ಹಾಗಾದರೆ ಗಾಲ್ಫಿನಲ್ಲಿ ಬೆವರಿಲ್ಲ ಎಂಬ ಮಾತಿಗೆ ಏನೆನ್ನಬೇಕು? ಬೆವರು ಇತ್ತು, ಯಾವತ್ತೂ ಇತ್ತು. ಆದರೆ ಅದು ಹೆಗಲ ಮೇಲೆ ಚೀಲ ಹೊತ್ತವನ ಮೈಯಲ್ಲಿತ್ತು. ನಮ್ಮ ಕಣ್ಣು ಹೋದದ್ದು ಮುಂದೆ ನಡೆಯುವ ಬಿಳಿ ಟೋಪಿಯ ಕಡೆಗೆ. ಚೆಂಡು ಎಲ್ಲಿ ಬಿತ್ತು, ಗಾಳಿ ಎತ್ತ, ಯಾವ ಕೋಲು ತಕ್ಕದ್ದು, ಹುಲ್ಲಿನ ಇಳಿಜಾರು ಎಷ್ಟು, ಇವೆಲ್ಲ ಯಜಮಾನನಿಗಿಂತ ಕ್ಯಾಡಿಗೇ ಚೆನ್ನಾಗಿ ಗೊತ್ತು. ದಿನವೂ ಅದೇ ನೆಲದಲ್ಲಿ ನಡೆಯುವವನು ಅವನು. ಗುರುವಿಲ್ಲದೆ, ಶುಲ್ಕವಿಲ್ಲದೆ, ನೋಡಿ ನೋಡಿ ಕಲಿತ ವಿದ್ಯೆ ಅದು.

ಈ ಊರಿನ ಚೆಂಬೂರಿನಲ್ಲಿ 1927ರಿಂದ ಗಾಲ್ಫ್ ಮೈದಾನವಿದೆ. ಅದರ ಸುತ್ತಮುತ್ತಲಿನ ಬಡವರ ಗಲ್ಲಿಗಳಲ್ಲಿ ಕ್ಯಾಡಿಗಳೂ ಹುಡುಗರೂ ಕಬ್ಬಿಣದ ಸರಳನ್ನು ಬಗ್ಗಿಸಿ ಕೋಲು ಮಾಡಿಕೊಂಡು, ಪ್ಲಾಸ್ಟಿಕ್ ಚೆಂಡಿನಲ್ಲಿ, ತಗಡಿನ ಮನೆಗಳ ನಡುವಿನ ಓಣಿಯಲ್ಲಿ ಗಾಲ್ಫ್ ಆಡುತ್ತಿದ್ದುದರ ಛಾಯಾಚಿತ್ರಗಳು ವಿದೇಶದವರೆಗೂ ಹೋಗಿವೆ. ನೂರು ಎಕರೆ ಬೇಕಾದ ಆಟವನ್ನು ಆರಡಿ ಓಣಿಯಲ್ಲಿ ಆಡುವುದು! ಗುಳಿ ಇದ್ದಲ್ಲಿ ಗುಳಿ, ಗಟಾರ ಇದ್ದಲ್ಲಿ ಕೆರೆ. ಕೋಟಿಗಟ್ಟಲೆ ಬೆಲೆಯ ಹಸಿರಿನ ಸೊಬಗಿಗೆ ಮರುಳಾದವರ ಸೆಳೆತ ನನಗೆ ಅರ್ಥವಾಗುತ್ತದೆ. ಆದರೆ ಹಸಿರೂ ಇಲ್ಲದೆ, ಬಾವುಟವೂ ಇಲ್ಲದೆ, ಬರೀ ಚೆಂಡು ಗುಳಿಗೆ ಬೀಳುವ ಸುಖಕ್ಕಾಗಿ ಆಡುವವರನ್ನು ಕಂಡ ಮೇಲೆ ಇದು ಆಟ ಹೌದೋ ಅಲ್ಲವೋ ಎಂಬ ಅನುಮಾನ ಉಳಿಯುವುದಿಲ್ಲ. ಸುಳ್ಳು ಆಟಕ್ಕಾಗಿ ಯಾರೂ ಸರಳು ಬಗ್ಗಿಸುವುದಿಲ್ಲ.

ಅದಿತಿಯ ಕಥೆಯೂ ಗೋಡೆಯ ಆಚೆಗೆ ಇಣುಕಿದ್ದರಿಂದಲೇ ಶುರುವಾದದ್ದು. ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಐದು ವರ್ಷದ ಹುಡುಗಿ ತಂದೆತಾಯಿಯ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಶನ್ನಿನ ಅಭ್ಯಾಸದ ಮೈದಾನ ಕಾಣುತ್ತಿತ್ತು. ನೋಡಿದಳು, ಆಸೆಪಟ್ಟಳು, ಒಳಗೆ ಬಿಟ್ಟರು. ಎಲ್ಲದರ ಗುಟ್ಟು ಆ ಕೊನೆಯ ಮಾತಿನಲ್ಲಿದೆ: ಒಳಗೆ ಬಿಟ್ಟರು.

ಆದ್ದರಿಂದ ಗಾಲ್ಫ್ ಆಟವೇ ಎಂದು ಕೇಳಿದರೆ ನನ್ನ ಉತ್ತರ ಹೌದು, ಅಪ್ಪಟ ಆಟ. ನಮ್ಮ ಮುನಿಸು ಇರಬೇಕಾದದ್ದು ಆಟದ ಮೇಲಲ್ಲ, ಗೋಡೆಯ ಮೇಲೆ. ಈ ಊರಿಗೆ ಬರಿಗೈಯಲ್ಲಿ ಬಂದು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರ ಸಂತತಿ ನಾವು. ಹಗಲಿಡೀ ಬೇರೆಯವರ ಭಾರ ಹೊತ್ತು, ಬಿಡುವು ಸಿಕ್ಕಾಗ ತನ್ನ ಆಟ ಕಲಿಯುವುದು ಎಂದರೇನು ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಂದು ನಮ್ಮವರಲ್ಲೂ ಕ್ಲಬ್ಬುಗಳ ಸದಸ್ಯರಾಗುವಷ್ಟು ಅನುಕೂಲವುಳ್ಳವರು ಇದ್ದಾರೆ, ಸಂತೋಷ. ಅವರಲ್ಲಿ ಈ ಅಂಕಣದ ಮೂಲಕ ಒಂದು ವಿನಂತಿ. ಮುಂದಿನ ಭಾನುವಾರ ನಿಮ್ಮ ಚೀಲ ಹೊರುವ ಹುಡುಗನನ್ನು 'ನಿನಗೂ ಆಡಲು ಬರುತ್ತದೇನಪ್ಪಾ?' ಎಂದು ಒಮ್ಮೆ ಕೇಳಿ. ಬರುತ್ತದೆ ಎಂದರೆ ಮೂಲೆಯಲ್ಲಿ ಬಿದ್ದಿರುವ ಒಂದೆರಡು ಹಳೆಯ ಕೋಲು ಕೊಡಿ. ಕ್ಲಬ್ಬಿನಲ್ಲಿ ಕ್ಯಾಡಿಗಳ ಆಟಕ್ಕೆ ವಾರದಲ್ಲೊಂದು ದಿನ ಬಿಟ್ಟುಕೊಟ್ಟಿದ್ದಾರೋ ಇಲ್ಲವೋ ವಿಚಾರಿಸಿ, ಇಲ್ಲದಿದ್ದರೆ ಸಭೆಯಲ್ಲಿ ಕೇಳಿ. ಅವನು ಅಲಿ ಶೇರ್ ಆಗದಿರಬಹುದು, ಮುನಿಯಪ್ಪ ಆಗದಿರಬಹುದು. ಲೆಕ್ಕದ ಕಾಗದದಲ್ಲಿ ಅವನ ಹೆಸರಿಗೂ ಒಂದು ಸಾಲು ಇರಲಿ.

ಗಾಲ್ಫ್ ಆಟವೇ ಅಲ್ಲ ಎಂದು ಇನ್ನೂ ಹಟ ಹಿಡಿದಿರುವವರು ದಯವಿಟ್ಟು ಪತ್ರ ಬರೆಯಿರಿ. ಲಿಂಬೆ-ಚಮಚದ ಪಕ್ಷದವರ ವಾದವನ್ನೂ ಮುಂದಿನ ಸಂಚಿಕೆಯಲ್ಲಿ ಕೇಳೋಣ.